ಆತ್ಮಹತ್ಯೆ ತಡೆ: ಹಲವು ಇಲಾಖೆಗಳ ಒಂದು ಕೆಲಸ

ಭಾರತದಲ್ಲಿ 2023ರಲ್ಲಿ 1,71,418 ಮಂದಿ ಆತ್ಮಹತ್ಯೆಯಿಂದ ಸತ್ತರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕ ಕೊಟ್ಟಿದೆ. ಅವರಲ್ಲಿ ಕರ್ನಾಟಕದವರು 13,330. ಎಂದರೆ ದಿನಕ್ಕೆ ಸರಾಸರಿ 36ಕ್ಕೂ ಹೆಚ್ಚು ಜನ. ಮಹಾರಾಷ್ಟ್ರ, ತಮಿಳುನಾಡು, ಮಧ್ಯಪ್ರದೇಶಗಳ ನಂತರದ ಸ್ಥಾನ ಕರ್ನಾಟಕದ್ದು. ಜನಸಂಖ್ಯೆಯ ಪ್ರಮಾಣ ಹಿಡಿದು ನೋಡಿದರೂ ಚಿತ್ರ ಹಗುರವಾಗುವುದಿಲ್ಲ. ಲಕ್ಷ ಜನರಿಗೆ ದೇಶದ ಸರಾಸರಿ 12ರ ಮೇಲಿದ್ದರೆ ಕರ್ನಾಟಕದ್ದು 20ರ ಆಸುಪಾಸಿನಲ್ಲಿದೆ.

ಇದೇ ವರದಿಯ ಕಾರಣಗಳ ಪಟ್ಟಿ ಇನ್ನೊಂದು ಸಂಗತಿಯನ್ನು ಹೇಳುತ್ತದೆ. ಮೂರನೇ ಒಂದು ಭಾಗದಷ್ಟು ಸಾವುಗಳ ಮುಂದೆ ಕೌಟುಂಬಿಕ ಸಮಸ್ಯೆ ಎಂದು ಬರೆದಿದೆ. ಐದನೇ ಒಂದು ಭಾಗದ ಹತ್ತಿರ ಕಾಯಿಲೆಯ ಲೆಕ್ಕಕ್ಕೆ ಹೋಗಿದೆ. ಉಳಿದದ್ದು ಸಾಲ, ಕುಡಿತ, ಮದುವೆ, ಪ್ರೇಮ, ಪರೀಕ್ಷೆ, ನಿರುದ್ಯೋಗ ಎಂದು ಚದುರಿದೆ. ಸತ್ತವರಲ್ಲಿ ನಾಲ್ವರಿಗೊಬ್ಬರಿಗಿಂತ ಹೆಚ್ಚು ಮಂದಿ ದಿನಗೂಲಿಯವರು; ಗಂಡಸರು ಮುಕ್ಕಾಲು ಪಾಲಿನ ಹತ್ತಿರ. ಸಾಲದ ವಿಷಯ ಸಹಕಾರ ಇಲಾಖೆಗೆ ಸೇರಿದ್ದು, ಬೆಳೆಯದು ಕೃಷಿ ಇಲಾಖೆಗೆ, ಪರಿಹಾರದ್ದು ಕಂದಾಯಕ್ಕೆ, ಕೂಲಿಯದು ಕಾರ್ಮಿಕ ಇಲಾಖೆಗೆ, ಪರೀಕ್ಷೆಯದು ಶಿಕ್ಷಣಕ್ಕೆ, ಮನೆಯೊಳಗಿನ ಹಿಂಸೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿಗೆ, ಮದ್ಯ ಅಬಕಾರಿಗೆ, ಶವದ ಮಹಜರು ಪೊಲೀಸರಿಗೆ. ಆರೋಗ್ಯ ಇಲಾಖೆಯ ಬಾಗಿಲಿಗೆ ಈ ಸಂಕಟ ಬರುವ ಹೊತ್ತಿಗೆ ಅದು ಹತ್ತು ಬಾಗಿಲು ದಾಟಿ ಬಂದಿರುತ್ತದೆ. ಆತ್ಮಹತ್ಯೆ ತಡೆಯಲ್ಲಿ ರಾಜ್ಯ ಸರ್ಕಾರದ ಸಮನ್ವಯವೆಂದರೆ ಆ ಮೊದಲ ಬಾಗಿಲುಗಳಲ್ಲೇ ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸುವ ವ್ಯವಸ್ಥೆ.

ಇಂಥ ವ್ಯವಸ್ಥೆಗೆ ಮೊದಲು ಅಡ್ಡ ನಿಂತಿದ್ದು ಕಾನೂನೇ. ಭಾರತೀಯ ದಂಡ ಸಂಹಿತೆಯ 309ನೇ ಕಲಮು ಆತ್ಮಹತ್ಯೆಯ ಯತ್ನವನ್ನು ಅಪರಾಧವೆಂದು ಎಣಿಸಿ ಒಂದು ವರ್ಷದವರೆಗೆ ಸೆರೆ ವಿಧಿಸುತ್ತಿತ್ತು. ಬದುಕಿ ಉಳಿದವರಿಗೆ ಆಸ್ಪತ್ರೆಯ ಹಾಸಿಗೆಯ ಪಕ್ಕ ಮೊದಲು ಕಾಣುತ್ತಿದ್ದುದು ಹೇಳಿಕೆ ಪಡೆಯಲು ಬಂದ ಪೊಲೀಸರು. ಸುಪ್ರೀಂ ಕೋರ್ಟು 1994ರಲ್ಲಿ ಈ ಕಲಮನ್ನು ಅಸಾಂವಿಧಾನಿಕವೆಂದಿತು. 1996ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಆ ತೀರ್ಪನ್ನು ತಳ್ಳಿ ಕಲಮನ್ನು ಉಳಿಸಿತು. ಕಾನೂನು ಆಯೋಗ 2008ರ ತನ್ನ 210ನೇ ವರದಿಯಲ್ಲಿ ಅದನ್ನು ತೆಗೆದುಹಾಕಲು ಶಿಫಾರಸು ಮಾಡಿತು. ಬದಲಾವಣೆ ನಿಜಕ್ಕೂ ಬಂದದ್ದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಿಂದ. ಆತ್ಮಹತ್ಯೆಗೆ ಯತ್ನಿಸಿದ ವ್ಯಕ್ತಿ ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸತಕ್ಕದ್ದು, ಅವರನ್ನು ಶಿಕ್ಷಿಸಕೂಡದು ಎಂದು ಅದರ 115ನೇ ಕಲಮು ಹೇಳಿತು. ಅಲ್ಲಿಗೇ ನಿಲ್ಲದೆ, ಅಂಥವರಿಗೆ ಆರೈಕೆ, ಚಿಕಿತ್ಸೆ, ಪುನರ್ವಸತಿ ಒದಗಿಸಿ ಇನ್ನೊಮ್ಮೆ ಆ ಸ್ಥಿತಿ ಬಾರದಂತೆ ನೋಡುವುದು ಸರ್ಕಾರದ ಕರ್ತವ್ಯವೆಂದೂ ಸೇರಿಸಿತು. ಆತ್ಮಹತ್ಯೆಗಳನ್ನು ತಗ್ಗಿಸುವ ಕಾರ್ಯಕ್ರಮಗಳನ್ನು ಸರ್ಕಾರಗಳು ರೂಪಿಸಬೇಕೆಂದು 29ನೇ ಕಲಮು ವಿಧಿಸುತ್ತದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೇ ಕಲಮಿಗೆ ಜಾಗವಿಲ್ಲ. ಸರ್ಕಾರಿ ನೌಕರರ ಮೇಲೆ ಒತ್ತಡ ತರಲು ಮಾಡುವ ಯತ್ನ ಮಾತ್ರ 226ನೇ ಕಲಮಿನಡಿ ಅಪರಾಧವಾಗಿ ಉಳಿದಿದೆ.

ಪುಸ್ತಕದಲ್ಲಿ ಬದಲಾದದ್ದು ಠಾಣೆಯಲ್ಲಿ, ವಾರ್ಡಿನಲ್ಲಿ ಬದಲಾಗಲು ಕಾಲ ಹಿಡಿಯುತ್ತದೆ. ‘ಎಂಎಲ್‌ಸಿ ಆಗುತ್ತದೆ’, ಎಂದರೆ ಪೊಲೀಸರಿಗೆ ತಿಳಿಸಬೇಕಾದ ವೈದ್ಯಕೀಯ-ಕಾನೂನು ಪ್ರಕರಣವಾಗುತ್ತದೆ, ಎಂಬ ಭಯ ಇವತ್ತಿಗೂ ಮನೆಯವರಿಗಿದೆ. ಪ್ರಕರಣ ದಾಖಲಾದರೆ ಮಗಳ ಮದುವೆಗೆ ಅಡ್ಡಿ, ಮಗನ ಕೆಲಸಕ್ಕೆ ಅಡ್ಡಿ ಎಂದು ಹೆದರಿ ಯತ್ನವನ್ನು ಆಕಸ್ಮಿಕವೆಂದು ಬರೆಸುವ ಕುಟುಂಬಗಳು ಕಡಿಮೆಯಿಲ್ಲ. ಹಾಗೆ ಬರೆಸಿದ ಕೂಡಲೇ ಆ ವ್ಯಕ್ತಿ ಮಾನಸಿಕ ಆರೋಗ್ಯ ಸೇವೆಯ ಕಣ್ಣಿನಿಂದ ಮರೆಯಾಗುತ್ತಾರೆ.

ಕೇಂದ್ರ ಆರೋಗ್ಯ ಸಚಿವಾಲಯ 2022ರ ನವೆಂಬರ್‌ನಲ್ಲಿ ರಾಷ್ಟ್ರೀಯ ಆತ್ಮಹತ್ಯೆ ತಡೆ ಕಾರ್ಯತಂತ್ರವನ್ನು ಪ್ರಕಟಿಸಿತು. ದೇಶಮಟ್ಟದಲ್ಲಿ ಇಂಥ ದಾಖಲೆ ಬಂದದ್ದು ಅದೇ ಮೊದಲು. 2020ರ ಮಟ್ಟಕ್ಕೆ ಹೋಲಿಸಿ ಆತ್ಮಹತ್ಯೆಯ ಸಾವುಗಳನ್ನು 2030ರೊಳಗೆ ಶೇ. 10ರಷ್ಟು ಇಳಿಸುವುದು ಅದರ ಗುರಿ. ಮೂರು ವರ್ಷದೊಳಗೆ ಪರಿಣಾಮಕಾರಿ ನಿಗಾ ವ್ಯವಸ್ಥೆ, ಐದು ವರ್ಷದೊಳಗೆ ಎಲ್ಲ ಜಿಲ್ಲೆಗಳಲ್ಲಿ ಆತ್ಮಹತ್ಯೆ ತಡೆ ಸೇವೆ ಕೊಡುವ ಮನೋವೈದ್ಯಕೀಯ ಹೊರರೋಗಿ ವಿಭಾಗ, ಎಂಟು ವರ್ಷದೊಳಗೆ ಎಲ್ಲ ವಿದ್ಯಾಸಂಸ್ಥೆಗಳಲ್ಲಿ ಮಾನಸಿಕ ಸ್ವಾಸ್ಥ್ಯದ ಪಠ್ಯ ಎಂಬ ಗಡುವುಗಳನ್ನು ಅದು ಹಾಕಿತು. ಗುರಿ ದೊಡ್ಡದೇನಲ್ಲ. ಆದರೂ ನಡಿಗೆ ಎದುರು ದಿಕ್ಕಿನಲ್ಲಿದೆ: 2020ರಲ್ಲಿ ಲಕ್ಷಕ್ಕೆ 11.3 ಇದ್ದ ದೇಶದ ಪ್ರಮಾಣ 2023ಕ್ಕೆ 12.3 ಆಯಿತು. ಆರೋಗ್ಯ ರಾಜ್ಯಪಟ್ಟಿಯ ವಿಷಯವಾದ್ದರಿಂದ ದೆಹಲಿಯ ದಾಖಲೆ ಎಷ್ಟೇ ಚೆನ್ನಾಗಿದ್ದರೂ ಅದು ಜೀವ ಪಡೆಯುವುದು ರಾಜ್ಯಗಳ ಕೈಯಲ್ಲಿ, ಅದರಲ್ಲೂ ಜಿಲ್ಲಾಧಿಕಾರಿ ಕಚೇರಿಯ ಸಭೆಗಳಲ್ಲಿ.

ಈ ವಿಚಾರದಲ್ಲಿ ಕರ್ನಾಟಕಕ್ಕೆ ಬೇರೆ ರಾಜ್ಯಗಳಿಗಿಲ್ಲದ ಹಿನ್ನೆಲೆಯಿದೆ. ಮನೋವೈದ್ಯರು ಆಸ್ಪತ್ರೆಯಲ್ಲಿ ಕೂತು ಕಾಯುವ ಬದಲು ಹಳ್ಳಿಯ ಆರೋಗ್ಯ ಕೇಂದ್ರದ ಮೂಲಕ ಕೆಲಸ ಮಾಡಬಹುದೇ ಎಂಬ ಪ್ರಶ್ನೆಯನ್ನು ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ 1970ರ ದಶಕದಲ್ಲೇ ಕೈಗೆತ್ತಿಕೊಂಡಿತು. ಆರ್.ಎಲ್. ಕಪೂರ್ ಅವರ ನೇತೃತ್ವದಲ್ಲಿ ಸಮುದಾಯ ಮನೋವೈದ್ಯ ಘಟಕ ಶುರುವಾಯಿತು. ಬೆಂಗಳೂರಿನ ಅಂಚಿನ ಸಕಲವಾರ ಅದರ ಪ್ರಯೋಗಭೂಮಿಯಾಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ಅಲ್ಪಾವಧಿಯ ತರಬೇತಿ ಕೊಟ್ಟರೆ ಸಾಮಾನ್ಯ ಮನೋರೋಗಗಳನ್ನು ಅವರೇ ಗುರುತಿಸಿ ಔಷಧ ಕೊಡಬಲ್ಲರೆಂದು ಅಲ್ಲಿ ತಿಳಿಯಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಘೋಷಣೆಯಾದಾಗ, ಅದನ್ನು ಒಂದು ಇಡೀ ಜಿಲ್ಲೆಯಲ್ಲಿ ನಡೆಸಿ ನೋಡಲು ಆರಿಸಿಕೊಂಡದ್ದು ಬಳ್ಳಾರಿಯನ್ನು. 1985ರಿಂದ 1990ರವರೆಗೆ ನಡೆದ ಆ ಪ್ರಯೋಗವೇ ‘ಬಳ್ಳಾರಿ ಮಾದರಿ’ ಎಂದು ಹೆಸರಾಗಿ, 1996ರಲ್ಲಿ ಕೇಂದ್ರ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅಚ್ಚಾಯಿತು. ಇಂದು ದೇಶದ ಯಾವ ಜಿಲ್ಲೆಯಲ್ಲಿ ಈ ಕಾರ್ಯಕ್ರಮ ನಡೆಯುತ್ತಿದ್ದರೂ ಅದರ ಬೇರು ಬಳ್ಳಾರಿಯ ಆ ಆರೋಗ್ಯ ಕೇಂದ್ರಗಳಲ್ಲಿದೆ.

2014ರಲ್ಲಿ ರಾಜ್ಯ ಸರ್ಕಾರ ‘ಮನೋಚೈತನ್ಯ’ ಎಂಬ ಕಾರ್ಯಕ್ರಮ ತಂದಿತು. ಮಂಗಳವಾರದ ದಿನ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬಂದು ರೋಗಿಗಳನ್ನು ನೋಡುವ ಸರಳ ಏರ್ಪಾಟು ಅದು. ‘ಸೂಪರ್ ಟ್ಯೂಸ್‌ಡೇ’ ಎಂಬ ಅದರ ಅಡ್ಡಹೆಸರು ಕೇಳಲು ಅಂಗಡಿಯ ರಿಯಾಯಿತಿ ಮಾರಾಟದಂತಿದ್ದರೂ ಒಳಗಿನ ತರ್ಕ ಗಟ್ಟಿಯಾದದ್ದು. ಸಿಂಧನೂರಿನ ಕೂಲಿಯವಳು ಒಂದು ದಿನದ ಕೂಲಿ ಬಿಟ್ಟು ಜಿಲ್ಲಾ ಕೇಂದ್ರಕ್ಕೆ ಹೋಗಲಾರಳು. ತಾಲ್ಲೂಕು ಆಸ್ಪತ್ರೆಗೆ ಹೋದಾಳು. ವಾರದ ದಿನ ಗೊತ್ತಿದ್ದರೆ ಆಶಾ ಕಾರ್ಯಕರ್ತೆ ಜೊತೆಗೆ ಕರೆದುಕೊಂಡೂ ಬಂದಾಳು. ರಾಜ್ಯದಲ್ಲಿ ಸುಮಾರು 42 ಸಾವಿರ ಆಶಾ ಕಾರ್ಯಕರ್ತೆಯರಿದ್ದಾರೆ. ಯಾರ ಮನೆಯಲ್ಲಿ ಜಗಳ, ಯಾರ ಮಗ ಮಾತು ಬಿಟ್ಟಿದ್ದಾನೆ, ಯಾವ ಬಾಣಂತಿ ಮಗುವನ್ನು ಎತ್ತಿಕೊಳ್ಳುತ್ತಿಲ್ಲ ಎಂಬುದು ಅವರಿಗೆ ತಿಳಿದಷ್ಟು ಯಾವ ದತ್ತಾಂಶಕೋಶಕ್ಕೂ ತಿಳಿಯದು.

ಚಿಕಿತ್ಸೆಯ ಕೊರತೆ ಎಷ್ಟೆಂಬುದನ್ನು 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಅಳೆದಿದೆ. ಬೇರೆ ಬೇರೆ ಕಾಯಿಲೆಗಳಿಗೆ ಲೆಕ್ಕ ಹಾಕಿದಾಗ ಚಿಕಿತ್ಸೆ ಬೇಕಾದವರಲ್ಲಿ ಶೇ. 70ರಿಂದ 92ರಷ್ಟು ಮಂದಿಗೆ ಅದು ಸಿಕ್ಕಿರಲಿಲ್ಲ. ನಿಮ್ಹಾನ್ಸ್ ನಡೆಸಿದ ಈ ಸಮೀಕ್ಷೆಯ ಪೂರ್ವಪ್ರಯೋಗ ಕೋಲಾರದಲ್ಲಿ ನಡೆಯಿತಾದರೂ, ಸಮೀಕ್ಷೆಗೆ ಆರಿಸಿದ 12 ರಾಜ್ಯಗಳಲ್ಲಿ ಕರ್ನಾಟಕ ಸೇರಿರಲಿಲ್ಲ. ದೇಶವನ್ನು ಅಳೆದ ಸಂಸ್ಥೆ ಬೆಂಗಳೂರಿನಲ್ಲೇ ಇತ್ತು ಎಂಬುದನ್ನು ನೆನೆದರೆ ಇದೊಂದು ವಿಚಿತ್ರ ಕೊರತೆ.

ದೂರವಾಣಿಯ ದಾರಿ ಈಚಿನದು. 2022–23ರ ಕೇಂದ್ರ ಮುಂಗಡಪತ್ರದಲ್ಲಿ ಘೋಷಣೆಯಾದ ‘ಟೆಲಿ ಮಾನಸ್’ ಸೇವೆ 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು ಆರಂಭವಾಯಿತು. ನಿಮ್ಹಾನ್ಸ್ ಅದರ ಕೇಂದ್ರಸಂಸ್ಥೆ. ತಾಂತ್ರಿಕ ವ್ಯವಸ್ಥೆ ಬೆಂಗಳೂರಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯದು. ಎಲ್ಲ ರಾಜ್ಯಗಳಲ್ಲೂ ಕೇಂದ್ರಾಡಳಿತ ಪ್ರದೇಶಗಳಲ್ಲೂ ಅದರ ಕೋಶಗಳಿವೆ. 2025ರ ಹೊತ್ತಿಗೆ ಅವು 20 ಲಕ್ಷಕ್ಕೂ ಹೆಚ್ಚು ಕರೆಗಳಿಗೆ ಉತ್ತರಿಸಿದ್ದವು. ಕರೆ ಮೊದಲು ತರಬೇತಾದ ಆಪ್ತಸಮಾಲೋಚಕರಿಗೆ ಹೋಗುತ್ತದೆ, ಬೇಕಾದರೆ ಮನೋವೈದ್ಯರಿಗೆ ದಾಟುತ್ತದೆ, ಅದೂ ಸಾಲದಿದ್ದರೆ ಜಿಲ್ಲೆಯ ಆಸ್ಪತ್ರೆಗೆ ಕಳಿಸುವ ಏರ್ಪಾಡಿದೆ.

ಆದರೆ ಸಹಾಯವಾಣಿಗಳ ಕಥೆಯಲ್ಲೇ ಸಮನ್ವಯದ ತೊಡಕೂ ಕಾಣಿಸುತ್ತದೆ. ಕರ್ನಾಟಕದವರ ಕೈಯಲ್ಲಿ ಆರೋಗ್ಯವಾಣಿಯ 104 ಇದೆ, ತುರ್ತು ಸೇವೆಯ 112 ಇದೆ, ಮಕ್ಕಳಿಗೆ 1098, ಮಹಿಳೆಯರಿಗೆ 181, ಹಿರಿಯರಿಗೆ 14567, ಇವುಗಳ ಮೇಲೆ ಟೆಲಿ ಮಾನಸ್. ಗಂಡನ ಹೊಡೆತ ತಾಳಲಾರದೆ 181ಕ್ಕೆ ಕರೆ ಮಾಡಿದ ಹೆಂಗಸು ‘ಬದುಕೇ ಸಾಕಾಗಿದೆ’ ಎಂದರೆ, ಆ ಮಾತು ಕೇಳಿಸಿಕೊಂಡವರು ಏನು ಮಾಡಬೇಕು? ಇನ್ನೊಂದು ಸಂಖ್ಯೆ ಹೇಳಿ ಫೋನ್ ಇಡುವುದೇ, ಕರೆಯನ್ನೇ ಅಲ್ಲಿಗೆ ದಾಟಿಸುವುದೇ? ಎರಡನೆಯದು ಆಗಬೇಕಾದರೆ ಎರಡು ಇಲಾಖೆಗಳ ನಡುವೆ ಲಿಖಿತ ಒಪ್ಪಂದ, ತಾಂತ್ರಿಕ ಜೋಡಣೆ, ಒಂದೇ ಬಗೆಯ ತರಬೇತಿ ಬೇಕು. ಸಂಕಟದಲ್ಲಿರುವವರು ಒಂದು ಸಲ ಧೈರ್ಯ ಮಾಡಿ ಕರೆ ಮಾಡುತ್ತಾರೆ; ಎರಡನೇ ಸಲಕ್ಕೆ ಆ ಧೈರ್ಯ ಉಳಿದಿರುತ್ತದೆಂದು ನಂಬಿ ಸೇವೆ ಕಟ್ಟಲಾಗದು.

ರೈತರ ಆತ್ಮಹತ್ಯೆ ಕರ್ನಾಟಕದ ಸಾರ್ವಜನಿಕ ಚರ್ಚೆಯಲ್ಲಿ ಕಾಲು ಶತಮಾನದಿಂದ ಇದೆ. ಬೆಲೆ ಕುಸಿತ, ಬರ, ಸಾಲಗಳ ನಡುವೆ 2000ದ ಸುಮಾರಿಗೆ ಸಾವುಗಳು ಸುದ್ದಿಯಾದಾಗ, ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಜಿ.ಕೆ. ವೀರೇಶ್ ಅವರ ಅಧ್ಯಕ್ಷತೆಯಲ್ಲಿ ಸರ್ಕಾರ ತಜ್ಞರ ಸಮಿತಿ ನೇಮಿಸಿತು. 2002ರಲ್ಲಿ ಬಂದ ಅದರ ವರದಿ ಒಂದೇ ಕಾರಣಕ್ಕೆ ಬೆರಳು ತೋರಿಸಲು ಒಪ್ಪಲಿಲ್ಲ. ಸಾಲ, ಬೆಳೆನಷ್ಟಗಳ ಜೊತೆ ಕುಡಿತ, ಕಾಯಿಲೆ, ಮನೆಯ ಕಲಹಗಳನ್ನೂ ಎಣಿಸಿತು. ಕೃಷಿಯ ಬಿಕ್ಕಟ್ಟನ್ನು ರೈತನ ಸ್ವಭಾವದೋಷವಾಗಿ ತೋರಿಸುವ ಹುನ್ನಾರವೆಂದು ರೈತ ಸಂಘಟನೆಗಳು ಸಿಟ್ಟಾದವು. ಆ ಸಿಟ್ಟಿನಲ್ಲಿ ನ್ಯಾಯವಿತ್ತು. ವರದಿಯ ಮಾತಿನಲ್ಲೂ ತಿರುಳಿತ್ತು: ಸಾಲ ಮತ್ತು ಕುಡಿತ ಒಂದೇ ಮನೆಯಲ್ಲಿ ಒಂದನ್ನೊಂದು ಬೆಳೆಸುತ್ತವೆ, ಒಂದನ್ನು ಮುಟ್ಟದೆ ಇನ್ನೊಂದನ್ನು ಸರಿಪಡಿಸಲಾಗದು. ಎರಡೂ ಕಡೆಯವರು ಕೂತು ಮಾತಾಡಬೇಕಿದ್ದ ವಿಷಯ ವಾದವಾಗಿ ನಿಂತುಹೋಯಿತು.

ಆಮೇಲೆ ಗಟ್ಟಿಯಾದದ್ದು ಪರಿಹಾರದ ವ್ಯವಸ್ಥೆ. 2015ರ ಬರದ ವರ್ಷದಲ್ಲಿ ಸಾವುಗಳು ಏರಿದಾಗ ಮೃತ ರೈತನ ಕುಟುಂಬಕ್ಕೆ ಕೊಡುವ ಮೊತ್ತವನ್ನು ರಾಜ್ಯ ಸರ್ಕಾರ 5 ಲಕ್ಷ ರೂಪಾಯಿಗೆ ಹೆಚ್ಚಿಸಿತು. ಹೆಂಡತಿಗೆ ಮಾಸಾಶನವೂ ಸೇರಿತು. ಸಾವು ಪರಿಹಾರಕ್ಕೆ ಅರ್ಹವೇ ಎಂದು ನಿರ್ಧರಿಸಲು ಉಪವಿಭಾಗಾಧಿಕಾರಿಯ ಅಧ್ಯಕ್ಷತೆಯ ಸಮಿತಿಯಿದೆ. ಅದರ ಮುಂದೆ ಪಹಣಿ, ಸಾಲದ ದಾಖಲೆ, ಮರಣೋತ್ತರ ಪರೀಕ್ಷೆಯ ವರದಿ, ಪೊಲೀಸರ ಕಡತ ಎಲ್ಲ ಬರುತ್ತವೆ. ಗಮನಿಸಬೇಕಾದ ಮಾತು ಇದು: ಕಂದಾಯ, ಕೃಷಿ, ಪೊಲೀಸ್, ವೈದ್ಯಕೀಯ ಇಲಾಖೆಗಳು ಇಷ್ಟು ಅಚ್ಚುಕಟ್ಟಾಗಿ ಒಂದೇ ಮೇಜಿನ ಸುತ್ತ ಸೇರುವುದು ಸಾವಿನ ನಂತರ. ಅದೇ ಸಮಿತಿ ಅದೇ ಕಾಗದಗಳನ್ನು ಆರು ತಿಂಗಳು ಮುಂಚೆ ನೋಡುವಂತಿದ್ದರೆ, ಬೆಳೆವಿಮೆಯ ಹಣ ಬಾರದ, ಬ್ಯಾಂಕಿನ ನೋಟಿಸು ಬಂದ, ಖಾಸಗಿ ಸಾಲವೂ ಇರುವ ಮನೆಗಳ ಪಟ್ಟಿ ತಾಲ್ಲೂಕು ಕಚೇರಿಯಲ್ಲೇ ಸಿದ್ಧವಾಗುತ್ತಿತ್ತು. ಭೂಮಿಯಿಲ್ಲದ ಗೇಣಿದಾರ, ಗಂಡನ ಹೆಸರಿನಲ್ಲಿ ಪಹಣಿಯಿರುವ ಹೆಣ್ಣುಮಗಳು ಈ ಪರಿಹಾರದ ಬೇಲಿಯ ಹೊರಗೇ ಉಳಿಯುವ ತೊಂದರೆ ಬೇರೆ. 2023ರಲ್ಲಿ ಕರ್ನಾಟಕದ ಕೃಷಿ ವಲಯದಲ್ಲಿ, ರೈತರು ಮತ್ತು ಕೃಷಿ ಕಾರ್ಮಿಕರು ಸೇರಿ, 2,400ಕ್ಕೂ ಹೆಚ್ಚು ಸಾವುಗಳು ದಾಖಲಾದವು; ಮಹಾರಾಷ್ಟ್ರದ ನಂತರ ಇದು ಅತಿ ದೊಡ್ಡ ಸಂಖ್ಯೆ.

ಸಾಲದ ವಿಷಯದಲ್ಲಿ ಮುಂಚಿತ ಹೆಜ್ಜೆಗೆ ಒಂದು ಉದಾಹರಣೆ ಈಚೆಗೆ ಸಿಕ್ಕಿತು. ಕಿರುಸಾಲ ಕಂಪನಿಗಳ ವಸೂಲಿಗಾರರು ಮನೆ ಬಾಗಿಲಿಗೆ ಬಂದು ಕೂರುವುದು, ಊರ ಮುಂದೆ ಅವಮಾನ ಮಾಡುವುದು, ಮನೆಗೆ ಬೀಗ ಜಡಿಯುವುದು, ಇವುಗಳಿಂದ ಜನ ಊರು ಬಿಟ್ಟ, ಪ್ರಾಣ ಬಿಟ್ಟ ಸುದ್ದಿಗಳು 2025ರ ಜನವರಿಯಲ್ಲಿ ಹಲವು ಜಿಲ್ಲೆಗಳಿಂದ ಬಂದವು. ಫೆಬ್ರುವರಿ 12ರಂದು ರಾಜ್ಯ ಸರ್ಕಾರ ಬಲವಂತದ ವಸೂಲಿಯನ್ನು ತಡೆಯುವ ಸುಗ್ರೀವಾಜ್ಞೆ ಹೊರಡಿಸಿತು. ಬಳಿಕ ವಿಧಾನಮಂಡಲ ಅದನ್ನು ಕಾಯ್ದೆಯಾಗಿಸಿತು. ತಪ್ಪಿಗೆ 10 ವರ್ಷದವರೆಗೆ ಸೆರೆ, 5 ಲಕ್ಷ ರೂಪಾಯಿವರೆಗೆ ದಂಡವಿದೆ. ಈ ಕಾಯ್ದೆಯ ಹೆಸರಿನಲ್ಲಿ ಆತ್ಮಹತ್ಯೆ ಎಂಬ ಪದವಿಲ್ಲ, ಅದನ್ನು ತಂದದ್ದು ಆರೋಗ್ಯ ಇಲಾಖೆಯೂ ಅಲ್ಲ. ಆದರೂ ಇದು ಆತ್ಮಹತ್ಯೆ ತಡೆಯ ಕಾನೂನೇ.

ಮದ್ಯದ ವಿಷಯದಲ್ಲಿ ಇಂಥ ದಿಟ್ಟತನ ಕಾಣುವುದಿಲ್ಲ. ಆರೋಗ್ಯ ಇಲಾಖೆ ಕುಡಿತ ಬಿಡಿಸುವ ಚಿಕಿತ್ಸೆಗೆ ದುಡ್ಡು ಹುಡುಕುತ್ತಿರುವಾಗ ಅಬಕಾರಿ ಇಲಾಖೆಗೆ ವರ್ಷವರ್ಷವೂ ಹೆಚ್ಚಿನ ವರಮಾನದ ಗುರಿ ನಿಗದಿಯಾಗುತ್ತದೆ. ಒಂದೇ ಸರ್ಕಾರದ ಎರಡು ಕೈಗಳು ಹಗ್ಗವನ್ನು ಎರಡು ಕಡೆ ಎಳೆಯುವುದನ್ನು ಯಾವ ಸಮನ್ವಯ ಸಮಿತಿಯೂ ಇನ್ನೂ ಗಟ್ಟಿಯಾಗಿ ಎತ್ತಿ ಆಡಿಲ್ಲ.

ಕೃಷಿ ಇಲಾಖೆಯ ಕೈಯಲ್ಲಿರುವ ಇನ್ನೊಂದು ದೊಡ್ಡ ಸಾಧನ ಕೀಟನಾಶಕಗಳ ನಿಯಂತ್ರಣ. ಆತ್ಮಹತ್ಯೆಯ ಆವೇಗ ಬಹುಮಟ್ಟಿಗೆ ಕ್ಷಣಿಕ. ಆ ಗಳಿಗೆಯಲ್ಲಿ ಮಾರಕ ವಸ್ತು ಕೈಗೆಟುಕದಿದ್ದರೆ ಅನೇಕರು ಬದುಕುತ್ತಾರೆ, ಬದುಕಿದವರಲ್ಲಿ ಹೆಚ್ಚಿನವರು ಆಮೇಲೆ ಆ ದಾರಿ ಹಿಡಿಯುವುದಿಲ್ಲ. ಇದಕ್ಕೆ ಜಗತ್ತು ತೋರಿಸುವ ಸಾಕ್ಷ್ಯ ಶ್ರೀಲಂಕಾ. 1990ರ ದಶಕದ ನಡುವೆ ಆ ದೇಶದ ಆತ್ಮಹತ್ಯೆಯ ಪ್ರಮಾಣ ಜಗತ್ತಿನಲ್ಲೇ ಅತಿ ಹೆಚ್ಚಿನವುಗಳಲ್ಲಿ ಒಂದು. ಅತ್ಯಂತ ವಿಷಕಾರಿ ಕೀಟನಾಶಕಗಳನ್ನು 1995ರಲ್ಲಿ, 1998ರಲ್ಲಿ, ಆಮೇಲೆಯೂ ಹಂತಹಂತವಾಗಿ ನಿಷೇಧಿಸಿದರು. 1997ರಲ್ಲಿ ಅಧ್ಯಕ್ಷರೇ ಸಮಿತಿಯೊಂದನ್ನು ನೇಮಿಸಿ ಆತ್ಮಹತ್ಯೆ ತಡೆಯನ್ನು ರಾಷ್ಟ್ರೀಯ ನೀತಿಯಾಗಿಸಿದರು. ಮರುವರ್ಷ ಆತ್ಮಹತ್ಯೆಯ ಯತ್ನವನ್ನು ಅಪರಾಧಗಳ ಪಟ್ಟಿಯಿಂದ ತೆಗೆದರು. ಎರಡು ದಶಕದಲ್ಲಿ ಪ್ರಮಾಣ ಸುಮಾರು ಶೇ. 70ರಷ್ಟು ಇಳಿಯಿತು. ಬೆಳೆಯ ಇಳುವರಿಗೆ ಅದರಿಂದ ಹೇಳಿಕೊಳ್ಳುವಂಥ ಹೊಡೆತ ಬೀಳಲಿಲ್ಲ.

ಭಾರತದ ರಾಜ್ಯಗಳಿಗೆ ಇಷ್ಟು ಅಧಿಕಾರವಿಲ್ಲ. 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿಯೂ ಶಾಶ್ವತ ನಿಷೇಧವೂ ಕೇಂದ್ರದ ಕೈಯಲ್ಲಿವೆ. ರಾಜ್ಯವೊಂದು ತಾನಾಗಿ ಹಾಕಬಲ್ಲ ತಡೆ ಸಾಮಾನ್ಯವಾಗಿ 60 ದಿನಗಳದು. ಕೇರಳ 2011ರಲ್ಲಿ ಹಲವು ಅಪಾಯಕಾರಿ ಕೀಟನಾಶಕಗಳ ಬಳಕೆ ನಿಲ್ಲಿಸಲು ಮುಂದಾಯಿತು. ತಮಿಳುನಾಡು 2022ರ ಕೊನೆಯ ಹೊತ್ತಿಗೆ ಆತ್ಮಹತ್ಯೆ ತಡೆಯ ಉದ್ದೇಶವನ್ನೇ ಹೇಳಿ ಆರು ಕೀಟನಾಶಕಗಳಿಗೆ 60 ದಿನಗಳ ತಡೆ ಹಾಕಿತು. 2018ರಲ್ಲಿ ಕೇಂದ್ರ 18 ಕೀಟನಾಶಕಗಳನ್ನು ಕೈಬಿಡಲು ಆದೇಶಿಸಿ, 12ನ್ನು ಕೂಡಲೇ, ಉಳಿದ ಆರನ್ನು 2020ರ ಅಂತ್ಯಕ್ಕೆ ನಿಲ್ಲಿಸಿತು. ರಾಜ್ಯಗಳಿಗೆ ಉಳಿದಿರುವುದು ಮಾರಾಟದ ಮೇಲಿನ ನಿಗಾ, ಅಂಗಡಿಯವರಿಗೆ ತರಬೇತಿ, ಮನೆಯೊಳಗೆ ಇಡದಂತೆ ಊರಿನ ಸಾಮೂಹಿಕ ದಾಸ್ತಾನು, ಮತ್ತು ಕೇಂದ್ರಕ್ಕೆ ಪುರಾವೆ ಸಹಿತ ಒತ್ತಾಯ. ಪುರಾವೆ ಬೇಕಾದರೆ ಯಾವ ವಸ್ತುವಿನಿಂದ ಎಷ್ಟು ಸಾವು ಎಂದು ಆಸ್ಪತ್ರೆಗಳು ಬರೆದಿಡಬೇಕು. ಕೃಷಿ ಇಲಾಖೆ ಅದನ್ನು ಕೇಳಿ ಪಡೆಯಬೇಕು.

ಶಿಕ್ಷಣ ಇಲಾಖೆಯ ದಾರಿ ಹೆಚ್ಚು ಸುಗಮ. ಪರೀಕ್ಷೆಯಲ್ಲಿ ನಪಾಸಾದ ವಿದ್ಯಾರ್ಥಿ ಒಂದು ವರ್ಷ ಕಾಯದೆ ಬೇಗ ಪರೀಕ್ಷೆ ಬರೆಯುವಂತಾಗಬೇಕೆಂದು ಚೆನ್ನೈನ ‘ಸ್ನೇಹಾ’ ಸಂಸ್ಥೆಯ ಸ್ಥಾಪಕಿ, ಮನೋವೈದ್ಯೆ ಲಕ್ಷ್ಮಿ ವಿಜಯಕುಮಾರ್ ತಮಿಳುನಾಡಿನಲ್ಲಿ ವಾದಿಸಿದರು. ಸರ್ಕಾರ ಅದನ್ನು ಜಾರಿಗೆ ತಂದಿತು. ಕರ್ನಾಟಕ 2023–24ನೇ ಸಾಲಿನಿಂದ ಪೂರಕ ಪರೀಕ್ಷೆ ಎಂಬ ಹೆಸರನ್ನೇ ತೆಗೆದು, ಎಸ್ಸೆಸ್ಸೆಲ್ಸಿಗೂ ದ್ವಿತೀಯ ಪಿಯುಸಿಗೂ ಪರೀಕ್ಷೆ–1, ಪರೀಕ್ಷೆ–2, ಪರೀಕ್ಷೆ–3 ಎಂದು ಮೂರು ಅವಕಾಶ ಕೊಟ್ಟಿತು. ಮೂರರಲ್ಲಿ ಹೆಚ್ಚು ಬಂದ ಅಂಕ ಉಳಿಯುವಂತೆ ಮಾಡಿತು. ಮೌಲ್ಯಮಾಪನದ ಹೊರೆ ಹೆಚ್ಚಿತೆಂದು ಉಪನ್ಯಾಸಕರು ಗೊಣಗಿದ್ದು ಸಹಜ. ಹದಿನಾರರ ಹುಡುಗಿಗೆ ಫಲಿತಾಂಶದ ದಿನವೇ ‘ಇನ್ನೂ ಎರಡಿವೆ’ ಎಂದು ಹೇಳುವಂತಾದದ್ದು ಆ ಗೊಣಗಾಟಕ್ಕಿಂತ ದೊಡ್ಡ ಲಾಭ. ದೇಶಮಟ್ಟದಲ್ಲಿ ಸುಪ್ರೀಂ ಕೋರ್ಟು 2025ರ ಜುಲೈ 25ರ ತೀರ್ಪಿನಲ್ಲಿ ವಿದ್ಯಾಸಂಸ್ಥೆಗಳಿಗೆ, ಕೋಚಿಂಗ್ ಕೇಂದ್ರಗಳಿಗೆ 15 ನಿರ್ದೇಶನ ಕೊಟ್ಟಿತು: ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವಲ್ಲಿ ಅರ್ಹ ಆಪ್ತಸಮಾಲೋಚಕರಿರಬೇಕು, ಅಂಕಗಳ ಮೇಲೆ ತರಗತಿ ಒಡೆಯಬಾರದು, ಪಾಲನೆಯ ಮೇಲ್ವಿಚಾರಣೆಗೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಸಮಿತಿಯಿರಬೇಕು. ಸಮಿತಿ ರಚನೆಯ ಆದೇಶ ಹೊರಡಿಸುವುದು ಸುಲಭ. ಕಲಬುರಗಿಯ ಪಿಯು ಕಾಲೇಜೊಂದಕ್ಕೆ ಅರ್ಹ ಆಪ್ತಸಮಾಲೋಚಕರನ್ನು ಎಲ್ಲಿಂದ ತರುವುದೆಂಬ ಪ್ರಶ್ನೆ ಸುತ್ತೋಲೆಯಿಂದ ತೀರುವುದಿಲ್ಲ.

ಇಡೀ ಸರಪಳಿಯಲ್ಲಿ ಅತಿ ದುರ್ಬಲ ಕೊಂಡಿ ಆಸ್ಪತ್ರೆಯಿಂದ ಮನೆಗೆ ಹೋಗುವ ಹಾದಿ. ಒಂದು ಸಾವಿಗೆ ಸುಮಾರು ಇಪ್ಪತ್ತು ಯತ್ನಗಳಿರುತ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಮೊದಲೊಮ್ಮೆ ಯತ್ನಿಸಿದವರಲ್ಲಿ ಅಪಾಯ ಉಳಿದವರಿಗಿಂತ ಹೆಚ್ಚು. ತುರ್ತು ಚಿಕಿತ್ಸಾ ವಿಭಾಗ ಅವರ ದೇಹವನ್ನು ಉಳಿಸುತ್ತದೆ, ಮೂರನೇ ದಿನ ಬಿಡುಗಡೆ ಪತ್ರ ಕೈಗೆ ಕೊಡುತ್ತದೆ. ಅಲ್ಲಿಂದ ಮುಂದೆ ಅವರು ಯಾರ ಹೊಣೆ? ಈ ಪ್ರಶ್ನೆಗೆ ಉತ್ತರವಾಗಬಲ್ಲ ಅಧ್ಯಯನವೊಂದನ್ನು ವಿಶ್ವ ಆರೋಗ್ಯ ಸಂಸ್ಥೆ 2002ರಿಂದ 2005ರವರೆಗೆ ಚೆನ್ನೈ, ಕೊಲಂಬೊ ಸೇರಿದಂತೆ ಐದು ಊರುಗಳಲ್ಲಿ ನಡೆಸಿತು. ಯತ್ನದ ನಂತರ ಆಸ್ಪತ್ರೆ ಸೇರಿದ 1,867 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಬಿಡುಗಡೆಯ ಹೊತ್ತಿಗೆ ಒಂದು ಗಂಟೆಯ ಮಾತುಕತೆ, ಮುಂದಿನ 18 ತಿಂಗಳಲ್ಲಿ ಒಂಬತ್ತು ಸಲ ಫೋನ್ ಅಥವಾ ಭೇಟಿ ಇಟ್ಟುಕೊಂಡರು. ಉಳಿದವರಿಗೆ ಎಂದಿನ ಚಿಕಿತ್ಸೆ. ಕೊನೆಗೆ ಎಂದಿನ ಚಿಕಿತ್ಸೆಯ ಗುಂಪಿನಲ್ಲಿ ಶೇ. 2.2 ಮಂದಿ ಆತ್ಮಹತ್ಯೆಯಿಂದ ಸತ್ತಿದ್ದರು. ಮಾತಾಡಿಸಿದ ಗುಂಪಿನಲ್ಲಿ ಶೇ. 0.2. ಇದಕ್ಕೆ ದುಬಾರಿ ಯಂತ್ರ ಬೇಕಿಲ್ಲ, ಹೊಸ ಕಟ್ಟಡ ಬೇಕಿಲ್ಲ. ಆಸ್ಪತ್ರೆಯ ದಾದಿ, ಜಿಲ್ಲಾ ಮಾನಸಿಕ ಆರೋಗ್ಯ ತಂಡದ ಸಮಾಜ ಕಾರ್ಯಕರ್ತರು, ಊರಿನ ಆಶಾ, ಈ ಮೂವರ ನಡುವೆ ಗೋಪ್ಯತೆ ಕಾಯುವ ಒಂದು ಪಟ್ಟಿ ಓಡಾಡಿದರೆ ಸಾಕು. ನಿಮ್ಹಾನ್ಸ್ ಚನ್ನಪಟ್ಟಣ ತಾಲ್ಲೂಕಿನಲ್ಲಿ ಕೈಗೊಂಡ ಸಮುದಾಯ ಆಧಾರಿತ ಆತ್ಮಹತ್ಯೆ ತಡೆಯ ಯೋಜನೆ ಇದೇ ದಿಕ್ಕಿನದು. ಶಿಕ್ಷಕರು, ಪೊಲೀಸರು, ಆಶಾ ಕಾರ್ಯಕರ್ತೆಯರಂಥವರಿಗೆ ಸಂಕಟದ ಸೂಚನೆ ಗುರುತಿಸುವ ‘ಗೇಟ್‌ಕೀಪರ್’ ತರಬೇತಿಯನ್ನೂ ಆ ಸಂಸ್ಥೆ ಕೊಡುತ್ತದೆ.

ಪಟ್ಟಿಯ ಮಾತು ಬಂದರೆ ಅಂಕಿಅಂಶದ ಮಾತೂ ಬರುತ್ತದೆ. ಸದ್ಯದ ಲೆಕ್ಕವೆಲ್ಲ ಪೊಲೀಸ್ ಠಾಣೆಯ ಅಸಹಜ ಸಾವಿನ ವರದಿಯಿಂದ, ಎಂದರೆ ಯುಡಿಆರ್‌ನಿಂದ ಹೊರಟದ್ದು. ‘ಹೊಟ್ಟೆನೋವಿನ ಬಾಧೆ ತಾಳಲಾರದೆ’, ‘ಜೀವನದಲ್ಲಿ ಜಿಗುಪ್ಸೆಗೊಂಡು’, ‘ಸಾವಿನಲ್ಲಿ ಯಾರ ಮೇಲೂ ಅನುಮಾನವಿರುವುದಿಲ್ಲ’ ಎಂಬ ಸಿದ್ಧ ವಾಕ್ಯಗಳು ದಶಕಗಳಿಂದ ಆ ವರದಿಗಳಲ್ಲಿ ಉರುಳುತ್ತಿವೆ. ಠಾಣೆಗೆ ಬೇಕಿರುವುದು ಅಪರಾಧ ನಡೆದಿದೆಯೇ ಎಂಬ ಉತ್ತರ. ಅದು ಸಿಕ್ಕ ಮೇಲೆ ಕಡತ ಮುಚ್ಚುತ್ತದೆ. ಆರೋಗ್ಯ ಇಲಾಖೆಗೆ ಬೇಕಿರುವುದು ಬೇರೆ: ಹಿಂದೆ ಯತ್ನಿಸಿದ್ದರೇ, ಚಿಕಿತ್ಸೆಯಲ್ಲಿದ್ದರೇ, ಯಾವ ತಿಂಗಳು, ಯಾವ ಹೋಬಳಿ. ರಾಷ್ಟ್ರೀಯ ಕಾರ್ಯತಂತ್ರ ಮೂರು ವರ್ಷದ ಗಡುವು ಹಾಕಿದ ನಿಗಾ ವ್ಯವಸ್ಥೆಯ ಅರ್ಥ ಇದೇ. ಜಿಲ್ಲಾಧಿಕಾರಿಯ ಮುಂದೆ ತಿಂಗಳಿಗೊಮ್ಮೆ ಹೋಬಳಿವಾರು ಸಂಖ್ಯೆ ಬರಬೇಕು. ವಾರ್ಷಿಕ ವರದಿ ಎರಡು ವರ್ಷ ತಡವಾಗಿ ಬಂದರೆ ಅದು ಇತಿಹಾಸಕಾರರ ಕೆಲಸಕ್ಕಷ್ಟೇ.

ಸುದ್ದಿಯವರ ಪಾಲೂ ಇದರಲ್ಲಿದೆ. ಭಾರತೀಯ ಪತ್ರಿಕಾ ಮಂಡಳಿ 2019ರ ಸೆಪ್ಟೆಂಬರ್‌ನಲ್ಲಿ ಮಾರ್ಗಸೂಚಿ ಒಪ್ಪಿಕೊಂಡಿತು. ವಿಧಾನದ ವಿವರ ಬೇಡ, ಸ್ಥಳದ ವರ್ಣನೆ ಬೇಡ, ಚಿತ್ರ, ವಿಡಿಯೊ ಬೇಡ, ಮುಖಪುಟದ ರೋಚಕ ಶೀರ್ಷಿಕೆ ಬೇಡ ಎಂಬುದು ಅದರ ಸಾರ. ಸಾವಿನ ಪತ್ರವನ್ನು ಅಕ್ಷರಶಃ ಓದಿ ಹೇಳುವ ವಾಹಿನಿಗಳು ಆ ಮಾರ್ಗಸೂಚಿಯನ್ನು ಒಮ್ಮೆಯಾದರೂ ಓದುವುದು ಒಳ್ಳೆಯದು. ವಾರ್ತಾ ಇಲಾಖೆ ಜಿಲ್ಲಾ ವರದಿಗಾರರನ್ನು ಕೂರಿಸಿ ಒಂದು ಮಧ್ಯಾಹ್ನ ಇದನ್ನು ಮಾತಾಡಿಸಬಹುದು.

ಹೀಗೆ ನೋಡಿದರೆ ಕರ್ನಾಟಕದಲ್ಲಿ ಬಿಡಿಭಾಗಗಳಿಗೆ ಕೊರತೆಯಿಲ್ಲ. ನಿಮ್ಹಾನ್ಸ್ ಇದೆ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ, ಜಿಲ್ಲಾ ತಂಡಗಳಿವೆ, ಮಂಗಳವಾರದ ಚಿಕಿತ್ಸೆ ಇದೆ, ನಪಾಸಾದವರಿಗೆ ಬೇಗ ಮತ್ತೆ ಬರೆಯುವ ಅವಕಾಶವಿದೆ, ಕಿರುಸಾಲದ ಕಾಯ್ದೆ ಇದೆ. ಇವುಗಳನ್ನು ಜೋಡಿಸಿ, ಜಿಲ್ಲೆಯ ಸಂಖ್ಯೆ ಏರಿದಾಗ ‘ಯಾಕೆ’ ಎಂದು ಕೇಳುವ ಅಧಿಕಾರವುಳ್ಳ ಒಬ್ಬರು, ಮುಖ್ಯ ಕಾರ್ಯದರ್ಶಿಯ ಮಟ್ಟದಲ್ಲಿ ಒಬ್ಬರು, ಜಿಲ್ಲೆಯಲ್ಲಿ ಒಬ್ಬರು, ಹೆಸರಿನಿಂದ ಗೊತ್ತಿರಬೇಕು. ಹೊಣೆ ಎಲ್ಲರದು ಎಂದಾಗ ಅದು ಯಾರದೂ ಆಗುವುದಿಲ್ಲ.

ಟೆಲಿ ಮಾನಸ್ ಸಂಖ್ಯೆ 14416. ಹಗಲು ರಾತ್ರಿ ತೆರೆದಿರುತ್ತದೆ, ಖರ್ಚಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಕರೆ ಮಾಡುವವರು ಸಂಕಟದಲ್ಲಿರುವವರೇ ಆಗಬೇಕೆಂದಿಲ್ಲ. ಮನೆಯವರಿಗೋ, ನೆರೆಯವರಿಗೋ, ವಿದ್ಯಾರ್ಥಿಗೋ ಹೇಗೆ ನೆರವಾಗಬೇಕೆಂದು ತಿಳಿಯದವರೂ ಅದೇ ಸಂಖ್ಯೆಗೆ ಕರೆ ಮಾಡಿ ಕೇಳಬಹುದು. ಜೀವಕ್ಕೆ ತಕ್ಷಣದ ಅಪಾಯವಿದ್ದರೆ 112.